ಗಾಲಿ ಉರುಳಿದಲ್ಲೆಲ್ಲ ಶೆಡ್ಡು

ನೆಂಟರು ಬಸ್ಸು ಹತ್ತಿ ಹೋದರು. ಶಾಮಿಯಾನದವರು ಅಂಗಳದ ಶಾಮಿಯಾನ ಬಿಚ್ಚಿಕೊಂಡು ಹೋದರು. ಅದರ ಮರುದಿನ ಮುಂಜಾನೆ ಮಾದನಹಿಪ್ಪರಗಾದ ರೇವಣಪ್ಪನ ಹಿಟ್ಟಿನ ಗಿರಣಿ ಮತ್ತೆ ಕೂಗಿತು. ಜನ ಜೋಳದ ಡಬ್ಬಿ ಹೊತ್ತು ಬಂದರು. ಜೋಳ ಸುರಿದು, "ಹಿಂಗಾಗಬಾರದಿತ್ತು ರೇವಣಪ್ಪ" ಎಂದು ಹೇಳಿ, ಹಿಟ್ಟು ತುಂಬಿಕೊಂಡು ಹೋದರು. ಗಿರಣಿಯ ಸದ್ದಿನಲ್ಲಿ ರೇವಣಪ್ಪನಿಗೆ ಯಾರ ಮಾತೂ ಕೇಳುತ್ತಿರಲಿಲ್ಲ. ಆದರೆ ಎಲ್ಲರೂ ಅದನ್ನೇ ಹೇಳುತ್ತಾರೆಂದು ಗೊತ್ತಿದ್ದರಿಂದ ಬಂದವರಿಗೆಲ್ಲ "ಏನ್ ಮಾಡೋದ್ರಿ, ದೇವರಿಟ್ಟಂಗ" ಎನ್ನುತ್ತಿದ್ದ. ಒಬ್ಬಾಕೆ ಮಾತ್ರ ಖಾರ ಕುಟ್ಟಿಕೊಡುತ್ತೀರೇನು ಎಂದು ಕೇಳಿದ್ದಳು. ಆಕೆಯ ಖಾರವನ್ನೂ ಅವನು ದೇವರಿಗೇ ಬಿಟ್ಟ.

ತೀರಿಕೊಂಡವನು ಶ್ರೀಮಂತ, ರೇವಣಪ್ಪನ ಅಣ್ಣನ ಮಗ. ಅಣ್ಣ ಅತ್ತಿಗೆ ಬೇಗ ಹೋದದ್ದರಿಂದ ಮಕ್ಕಳಿಲ್ಲದ ರೇವಣಪ್ಪ ಮತ್ತು ಅವನ ಹೆಂಡತಿ ನಿಂಬೆವ್ವ ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದರು. ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿಯಾಗಿದ್ದ. ಒಂದು ಸಂಜೆ "ಎದಿ ಜರಾ ಹಿಡದಂಗ ಆಗ್ಯದ" ಎಂದು ಕಟ್ಟೆಯ ಮೇಲೆ ಕೂತವನು ಏಳಲಿಲ್ಲ. ಅವನ ಹೆಂಡತಿ ಜಯಮಾಲಾ ಕಲಬುರಗಿಯಲ್ಲಿ ಭೂಗೋಳದ ಎಂ.ಎ. ಮಾಡಿದವಳು. ಮಣ್ಣು ಕೊಟ್ಟು ಬಂದ ದಿನದಿಂದ ಆಕೆ ಅತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಇಟ್ಟದ್ದನ್ನು ಉಣ್ಣುತ್ತಿದ್ದಳು. ಅಳದವಳನ್ನು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ಓಣಿಯ ಹೆಂಗಸರು ಬಂದು ಕೂತು ಎದ್ದು ಹೋಗುತ್ತಿದ್ದರು.

ಆ ಮುಂಜಾನೆ ಗಿರಣಿ ಮುಗಿಸಿ ರೇವಣಪ್ಪ ಪಕ್ಕದ ಮನೆಗೆ, ಅಂದರೆ ಶ್ರೀಮಂತನ ಮನೆಗೆ ಹೋದಾಗ ಪಡಸಾಲೆಯಲ್ಲಿ ಸಕ್ಕುಬಾಯಿ ಕೂತಿದ್ದಳು. ಅವಳ ಹಿಂದೆ ಇನ್ನಷ್ಟು ಮುದುಕಿಯರು. ಎಲ್ಲರ ಕಣ್ಣೂ ನೆಲದ ಮೇಲೆ.

ವಿಷಯ ಎಲ್ಲರಿಗೂ ಗೊತ್ತಿತ್ತು. ಶ್ರೀಮಂತ ಪ್ರತಿ ವರ್ಷ ಯುಗಾದಿಗೆ ಈ ಮುದುಕಿಯರನ್ನು ಶ್ರೀಶೈಲಕ್ಕೆ ನಡೆಸಿಕೊಂಡು ಹೋಗುತ್ತಿದ್ದ. ಲಾರಿಗಳು ಓಡುವ ದೊಡ್ಡ ರಸ್ತೆ ಬಿಟ್ಟು ಒಳದಾರಿಯಲ್ಲಿ ಅಫಜಲಪುರ, ಭೀಮಾ ದಾಟಿ ಜೇವರ್ಗಿ, ಅಲ್ಲಿಂದ ರಾಯಚೂರಿನ ಕಡೆ. ಎಲ್ಲಿ ತಿರುಗಬೇಕು, ಯಾವ ಬಾವಿಯ ನೀರು ಸಿಹಿ, ಯಾವ ಊರಲ್ಲಿ ಯಾರ ಮನೆಯಿಂದ ರೊಟ್ಟಿ ಬರುತ್ತದೆ, ಎಲ್ಲವೂ ಅವನ ತಲೆಯಲ್ಲಿತ್ತು. ಅದೆಲ್ಲ ಅವನ ಜೊತೆಗೇ ಮಣ್ಣು ಸೇರಿತ್ತು.

"ನಾ ಕೇಳಬಾರದು, ಖರೇ," ಎಂದಳು ಸಕ್ಕುಬಾಯಿ. "ಮಣ್ಣು ಇನ್ನ ಹಸಿ ಅದ. ಆದ್ರ ಶ್ರೀಶೈಲದ ಮಲ್ಲಯ್ಯ ನಮ್ಮ ಸಲುವಾಗಿ ಯುಗಾದಿ ಮುಂದ ಹಾಕಂಗಿಲ್ಲ ನೋಡು. ಈ ವರ್ಷ ಒಂದು ನಡದ್ರ ನಡದೆ. ಬರೂ ವರ್ಷ ಈ ಮೊಣಕಾಲು ನನ್ನ ಮಾತು ಕೇಳಂಗಿಲ್ಲ."

ಜಯಮಾಲಾ ಚಹಾದ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟಳು. ಜೀವನವಿಡೀ ಗಿರಣಿಯ ಸದ್ದಿನಲ್ಲಿ ಬದುಕಿದ ರೇವಣಪ್ಪನಿಗೆ ಸದ್ದಿಲ್ಲದ ಕೋಣೆಯೆಂದರೆ ಯಾವುದೋ ಬೆಲ್ಟು ಹರಿದು ನಿಂತಂತೆ. ಅದನ್ನು ಹೇಗಾದರೂ ಚಾಲೂ ಮಾಡಬೇಕು.

"ನಾ ಇದ್ದೇನಲ್ಲ," ಎಂದುಬಿಟ್ಟ. "ನಾ ಕರಕೊಂಡು ಹೋಗ್ತೇನಿ."

ಈಗ ಕೋಣೆ ಇನ್ನೂ ನಿಶ್ಶಬ್ದವಾಯಿತು. ಬಾಗಿಲಲ್ಲಿ ನಿಂತಿದ್ದ ನಿಂಬೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನೀವು? ನೀವು ಶ್ರೀಶೈಲಕ್ಕ? ಸಂಜಿಗಿ ಗಿರಣಿಯಿಂದ ಮನಿಗಿ ಹೊಂಟ್ರ ದಾರಿ ತಪ್ಪಿ ಚಾದ ಅಂಗಡಿ ಮುಟ್ಟತೀರಿ. ಇವರನ್ನ ಕರಕೊಂಡು ಹೋಗಿ ಮುಂಬೈದಾಗ ಬಿಟ್ಟು ಬರ್ತೀರೇನು?"

"ಮಲ್ಲಯ್ಯ ದಾರಿ ತೋರಸ್ತಾನ."

"ಮಲ್ಲಯ್ಯಗ ಬ್ಯಾರೆ ಕೆಲಸ ಇಲ್ಲೇನು?"

ಸಕ್ಕುಬಾಯಿ ರೇವಣಪ್ಪನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಬೇರೆ ದಿಕ್ಕಿರಲಿಲ್ಲ. "ಆತು ತಮ್ಮಾ," ಎಂದಳು. "ನಾಕು ಮಂದಿ ಎದರಾ ಮಾತು ಕೊಟ್ಟೀದಿ. ಹಿಂದ ಸರೀಬ್ಯಾಡ." ರೇವಣಪ್ಪನ ಮಾನ ಅವತ್ತಿನಿಂದ ಸಕ್ಕುಬಾಯಿಯ ಮೊಣಕಾಲಿಗೆ ಕಟ್ಟಿಕೊಂಡಿತು.

ಮಾತು ಕೊಟ್ಟ ಮನುಷ್ಯ ಮೊದಲು ನಕಾಶೆ ತರಬೇಕು. ರೇವಣಪ್ಪ ಬಸ್ಸು ಹತ್ತಿ ಆಳಂದಕ್ಕೆ ಹೋಗಿ, ಝೆರಾಕ್ಸ್ ಅಂಗಡಿಯಲ್ಲಿ ಮೊಬೈಲಿನ ನಕಾಶೆಯನ್ನು ದೊಡ್ಡದು ಮಾಡಿ ಮಾಡಿ ತುಂಡು ತುಂಡಾಗಿ ತೆಗೆಸಿಕೊಂಡು ಬಂದ. ಕೈಚೀಲದ ತುಂಬ ಕಾಗದ. ಮನೆಗೆ ಬಂದು ಹಿಟ್ಟಿನ ಅಂಟು ಕಾಯಿಸಿ, ನೆಲದ ಮೇಲೆ ಹಾಸಿ, ಒಂದಕ್ಕೊಂದು ಜೋಡಿಸಿದ. ನಿಂಬೆವ್ವ ಅಡುಗೆ ಮನೆಗೆ ಹೋಗಲು ಆಳಂದ ತಾಲೂಕನ್ನು ದಾಟಬೇಕಾಯಿತು.

ಜಯಮಾಲಾ ಬಂದು ನೋಡಿದಳು. ತುಸು ಹೊತ್ತು ನಿಂತೇ ನೋಡಿದಳು.

"ಕಾಕಾ, ಜೇವರ್ಗಿ ಆಳಂದದ ಮ್ಯಾಲ ಬಂದದರಿ."

"ಬಂದ್ರ ಬರವಲ್ದ್ಯಾಕ. ದೇವರ ಕಡೀಗಿ ಹೋಗೋದಂದ್ರ ಮ್ಯಾಲ ಹೋಗೋದೇ ಅಲ್ಲ ಮತ್ತ."

"ಭೀಮಾ ಎರಡು ಕಡೆ ಹರಿಯಾಕತ್ತದ."

"ನೀರು ಜಾಸ್ತಿ ಇದ್ರ ಮುದುಕ್ಯಾರಿಗಿ ಛಲೋನೇ."

ಆಕೆ ಬಗ್ಗಿ ಅಫಜಲಪುರವನ್ನು ಕಿತ್ತು ತಿರುಗಿಸಿ ಇಟ್ಟಳು. ಅಂಟು ಇನ್ನೂ ಹಸಿಯಿತ್ತು. ಆ ರಾತ್ರಿ ಅದರ ವಾಸನೆಗೆ ಬಂದ ಇಲಿಗಳು ರಾಯಚೂರು ಜಿಲ್ಲೆಯನ್ನು ಪೂರ್ತಿ ತಿಂದು ಹಾಕಿದವು.

ನಕಾಶೆಯ ಮೇಲಿನ ನಂಬಿಕೆ ಹೋದ ಮೇಲೆ ರೇವಣಪ್ಪನಿಗೆ ಹೊಸ ವಿಚಾರ ಹೊಳೆಯಿತು. ಕಾಗದದ ಮೇಲೆ ದಾರಿ ಬರೆಯುವುದಕ್ಕಿಂತ ದಾರಿಯ ಮೇಲೇ ದಾರಿ ಬರೆದರೆ? ತಿರುವಿಗೊಂದು ಕಲ್ಲು ನೋಡಿ ಕೆಂಪು ಬಾಣದ ಗುರುತು ಹಾಕುವುದು. ಬಾಣ ನೋಡಿಕೊಂಡು ನಡೆಯುವುದು. ಇಲಿ ತಿನ್ನುವುದಿಲ್ಲ, ಮಳೆಗೆ ಅಳಿಯುವುದಿಲ್ಲ. ಅಂದೇ ಒಂದು ಡಬ್ಬಿ ಕೆಂಪು ಎಣ್ಣೆಬಣ್ಣ ಬಂತು.

ಇನ್ನು ದೂರ ಅಳೆಯುವುದು ಹೇಗೆ? ಹೋದ ವರ್ಷ ಒಂದು ನೆರಳಿನಿಂದ ಇನ್ನೊಂದು ನೆರಳು ಬಹಳ ದೂರವಾಗಿ ಸಕ್ಕುಬಾಯಿ ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಳು. ಅದಕ್ಕೆಂದೇ ಶ್ರೀಮಂತ ಈ ಸಲ ಒಂದು ಅಳತೆಯ ಗಾಲಿ ತಂದಿದ್ದ. ಉದ್ದನೆಯ ಹಿಡಿಕೆ, ಅದರ ತುದಿಗೆ ಸೈಕಲ್ಲಿನ ಗಾಲಿಯಂಥ ಗಾಲಿ. ಉರುಳಿಸುತ್ತ ಹೋದರೆ ಎಷ್ಟು ದೂರ ನಡೆದೆವೆಂದು ಅಂಕಿಯಲ್ಲಿ ತೋರಿಸುತ್ತದೆ. ಅದು ಹಿತ್ತಲ ಗೋಡೆಗೆ ಒರಗಿ ನಿಂತಿತ್ತು. ರೇವಣಪ್ಪ ಅದನ್ನು ಅಂಗಳಕ್ಕೆ ತಂದು ಎರಡು ಸುತ್ತು ಉರುಳಿಸಿದ.

"ಅದು ನಮ್ದಲ್ಲ ಕಾಕಾ," ಎಂದಳು ಜಯಮಾಲಾ. "ಅಫಜಲಪುರದ ಮೆಹಬೂಬಣ್ಣಂದು. ಪೈಪ್‌ಲೈನ್ ಕೆಲಸ ಮಾಡ್ತಾರಲ್ಲ, ಅವರದು. ವಾಪಸ್ ಕೊಡಬೇಕು."

"ಕೊಡೋಣಂತ. ಅಫಜಲಪುರ ತನಕ ಉರುಳಸ್ಕೋತ ಹೋಗಿ ಅಲ್ಲೇ ಅವನ ಕೈಯಾಗ ಕೊಡೋಣು. ಗಾಲಿಗೂ ಕೆಲಸ ಆಗ್ತದ, ನಮಗೂ ಆಗ್ತದ."

ಆಕೆ ಸ್ವಲ್ಪ ಯೋಚಿಸಿ ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದಳು. "ನಾನೂ ಬರ್ತೇನಿ."

ಮನೆಯಿಂದ ಹೊರಗೆ ಬರಲೆಂದು ಇಷ್ಟು ದಿನ ಬೇಡಿಕೊಂಡಿದ್ದ ನಿಂಬೆವ್ವ ಈಗ, "ಇವರ ಜೋಡಿ ಬ್ಯಾಡ ಬೇ ತಂಗಿ" ಎಂದು ಬೇಡಿಕೊಂಡಳು.

ಹೀಗೆ ಅವರ ದಿನಚರಿ ಶುರುವಾಯಿತು. ಮುಂಜಾನೆ ಬಸ್ಸಿನಲ್ಲಿ ಹಿಂದಿನ ದಿನ ನಿಲ್ಲಿಸಿದ ಕಡೆಗೆ ಹೋಗುವುದು, ಅಲ್ಲಿಂದ ಬಿಸಿಲೇರುವ ತನಕ ಒಳದಾರಿಯಲ್ಲಿ ನಡೆಯುವುದು, ಮತ್ತೆ ಬಸ್ಸಿನಲ್ಲಿ ಮನೆಗೆ. ಮೊದಲ ದಿನವೇ ಬಸ್ಸಿನಲ್ಲಿ ತಕರಾರು. ಹೆಂಗಸರಿಗೆ ಟಿಕೆಟ್ಟಿಲ್ಲವಾದ್ದರಿಂದ ಜಯಮಾಲಾಳದು ಸುಲಭವಾಗಿ ಮುಗಿಯಿತು. ಕಂಡಕ್ಟರ್ ಗಾಲಿಯ ಮುಂದೆ ನಿಂತ.

"ಇದಕ್ಕ ಲಗೇಜ್ ಆಗ್ತದ್ರಿ."

"ಇದು ಹೆಣ್ಣುಮಗಳ ಲಗೇಜ್," ಎಂದ ರೇವಣಪ್ಪ.

"ಹಿಡಕೊಂಡವರು ನೀವು ಇದ್ದೀರಲ್ಲ."

ರೇವಣಪ್ಪ ಹಿಡಿಕೆಯನ್ನು ಜಯಮಾಲಾಳ ಕೈಗೆ ಕೊಟ್ಟ. ಕಂಡಕ್ಟರ್ ಆಕೆಯ ಮುಖ ನೋಡಿದ. ಆಕೆ ಅವನನ್ನು ನೋಡಿದಳು, ಅಷ್ಟೇ. ಕೋಪವಿಲ್ಲ, ಬೇಡಿಕೆಯಿಲ್ಲ, ಏನೂ ಇಲ್ಲ. ಕಂಡಕ್ಟರ್ ಯಾಕೋ ಹಿಂಜರಿದು, "ಇರಲಿ ಬಿಡ್ರಿ ಮೇಡಂ" ಎಂದು ಮುಂದೆ ಹೋದ. ರೇವಣಪ್ಪನಿಗೆ ಇದು ಬಹಳ ಮೆಚ್ಚುಗೆಯಾಯಿತು. ಮುಂದೆ ನಡೆದದ್ದಕ್ಕೆಲ್ಲ ಇದು ಮುನ್ಸೂಚನೆಯೆಂದು ಅವನಿಗೆ ಹೊಳೆಯಲಿಲ್ಲ.

ಆ ಒಳದಾರಿಯಲ್ಲಿ ಹೋಗುವವರ ಕಣ್ಣಿಗೆ ಅವರಿಬ್ಬರು ಕಂಡದ್ದು ಹೀಗೆ: ಮುಂದೆ ಒಬ್ಬ ಗಿಡ್ಡ ಮನುಷ್ಯ ಗಾಲಿ ಉರುಳಿಸುತ್ತ, ನಿಂತು ನಿಂತು ಅಂಕಿ ನೋಡಿ, ಕಲ್ಲಿಗೆ ಕೆಂಪು ಬಾಣ ಬಳಿಯುತ್ತಾನೆ. ಹಿಂದೆ ಕನ್ನಡಕ ಹಾಕಿದ ಎಳೆಯ ಹೆಣ್ಣುಮಗಳು, ಬಿಳಿ ಅಂಚಿನ ಸಾದಾ ಸೀರೆ, ಹಣೆಗೆ ವಿಭೂತಿ ಮಾತ್ರ, ಯಾರ ಜೊತೆಗೂ ಮಾತಿಲ್ಲ. ಗಿಡ್ಡ ಮನುಷ್ಯ ಯಾವ ಕಡೆ ಹೋಗಬೇಕೆಂದು ಗೊಂದಲದಲ್ಲಿ ನಿಂತಾಗ ಆಕೆ ಕೈ ಎತ್ತಿ ತೋರಿಸುತ್ತಾಳೆ. ಅವನು ಆ ಕಡೆ ಹೋಗುತ್ತಾನೆ.

ಮಾಳಿಂಗಪ್ಪನ ಹೊಲ ಅಫಜಲಪುರ ತಾಲೂಕು ಶುರುವಾಗುವ ಕಡೆ ದಾರಿಗೆ ಹತ್ತಿಕೊಂಡೇ ಇತ್ತು. ತೊಗರಿ ಕೊಯ್ದು ಹೊಲ ಖಾಲಿಯಾಗಿತ್ತು. ಅವನು ಬೇವಿನ ಗಿಡದ ಕೆಳಗೆ ಕೂತು ಇವರನ್ನು ದೂರದಿಂದ ನೋಡಿದ. ರೇವಣಪ್ಪ ಅವನ ಬದುವಿನ ಕಲ್ಲಿಗೆ ಬಾಣ ಬಳಿದದ್ದನ್ನೂ ನೋಡಿದ. ಎದ್ದು ಟೊಪ್ಪಿಗೆ ಸರಿಮಾಡಿಕೊಂಡು ಬಂದ.

"ನಮಸ್ಕಾರ್ರಿ ಸಾಹೇಬ್ರ. ಇದು ಯಾವ ಹಾದಿ ಮಾಡಾಕತ್ತೀರಿ?"

"ಶ್ರೀಶೈಲದ ಹಾದಿ," ಎಂದ ರೇವಣಪ್ಪ ಹೆಮ್ಮೆಯಿಂದ. "ಆಳಂದದ ಕಡೆಯಿಂದ ಬಂದು, ಅಫಜಲಪುರ, ಭೀಮಾ ದಾಟಿ ಜೇವರ್ಗಿ, ರಾಯಚೂರ, ಹಂಗೇ ಆಂಧ್ರಕ್ಕ."

"ಅಬ್ಬಾ. ನಮ್ಮ ಹೊಲದ ಮ್ಯಾಲ ಹಾದು ಹೋಗ್ತದೇನು?"

"ನಿಮ್ಮ ಹೊಲಕ್ಕ ಹತ್ತಿಕೊಂಡೇ. ನಿಮ್ಮ ಪುಣ್ಯ." ರೇವಣಪ್ಪ ಸುತ್ತ ನೋಡಿದ. "ನೆರಳಿಗಿ ಗಿಡ ಎಷ್ಟವ?"

"ಇದೊಂದು ಬೇವು, ಅದೊಂದು ಹುಣಸಿ."

"ಬಾವಿ?"

"ಅದರಿ. ಬೋರೂ ಅದ. ಮೋಟಾರ್ ಸುಟ್ಟದ."

"ಶೆಡ್ಡು ಗಿಡ್ಡು ಏನೂ ಇಲ್ಲೇನು? ಬಿಸಲಾಗ ಕಷ್ಟ ಆಗ್ತದಲ್ಲ." ರೇವಣಪ್ಪ ಬೇಸರದಿಂದ ತಲೆಯಾಡಿಸಿದ. ಅವನ ಕಣ್ಣ ಮುಂದೆ ಇದ್ದದ್ದು ಸಕ್ಕುಬಾಯಿ.

ಮಾಳಿಂಗಪ್ಪನ ಕಣ್ಣ ಮುಂದೆ ಬೇರೆಯೇ ಇತ್ತು. ಹೆದ್ದಾರಿಗೆ ಜಮೀನು ಹೋದರೆ ಬರೀ ಹೊಲಕ್ಕೆ ಒಂದು ದರ, ಗಿಡ ಬಾವಿ ಶೆಡ್ಡಿಗೆ ಬೇರೆ ಪರಿಹಾರವೆಂದು ಆ ಭಾಗದಲ್ಲಿ ಎಳೆಯ ಮಕ್ಕಳಿಗೂ ಗೊತ್ತಿತ್ತು. ಸರ್ವೇದವರು ಬಂದರೆ ಕೇಳುವುದೂ ಈ ಮೂರೇ ಮಾತು: ಗಿಡ, ಬಾವಿ, ಶೆಡ್ಡು. ಅವನು ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದ.

"ಈಗ ಎರಡೇ ಗಿಡ, ಖರೇ ಅದ. ನಾಳೆ ಬರ್ರಿ ಸಾಹೇಬ್ರ. ಇಡೀ ತ್ವಾಟನೇ ಇರ್ತದ. ಶೆಡ್ಡೂ ಇರ್ತದ."

"ಒಂದೇ ದಿನದಾಗ?"

"ನಿಮ್ಮ ಸಲುವಾಗಿ ಇಷ್ಟೂ ಮಾಡದಿದ್ರ ಹ್ಯಾಂಗ್ರಿ?"

ರೇವಣಪ್ಪ ಕೈ ಮುಗಿದ. ಮಲ್ಲಯ್ಯನ ಮೇಲೆ ಇಂಥ ಭಕ್ತಿ ಇರುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಮಾಳಿಂಗಪ್ಪ ಮನೆಯಿಂದ ಕಡಕ್ ರೊಟ್ಟಿ, ಪುಂಡಿಪಲ್ಯ, ತುಪ್ಪ ಹಾಕಿದ ಶೇಂಗಾ ಹಿಂಡಿ, ಗಟ್ಟಿ ಮೊಸರು ತರಿಸಿದ. ರೇವಣಪ್ಪ ಉಂಡ. ಜಯಮಾಲಾ ಅರ್ಧ ರೊಟ್ಟಿ ಉಂಡು ಕೈ ತೊಳೆದಳು. "ಇನ್ನ ಒಂದು ಹಾಕಸ್ಕೊಳ್ರಿ ಮೇಡಂ" ಎಂದರೆ ಬೇಡವೆಂದು ತಲೆಯಾಡಿಸಿದಳು.

ಅವರು ಹೋದ ಮೇಲೆ ಮಾಳಿಂಗಪ್ಪ ತನ್ನ ಹೆಂಡತಿ ಭಾಗಮ್ಮನಿಗೆ ಹೇಳಿದ: "ಆ ಹೆಣ್ಣುಮಗಳು ದೊಡ್ಡ ಆಫೀಸರ್ ಅದಾಳ. ಅಂವ ಬರೀ ಗಾಲಿ ಹೊಡಿಯಾಂವ. ಆಕಿ ನಗೋದೇ ಇಲ್ಲ, ಉಣ್ಣೋದೂ ಇಲ್ಲ. ರೊಕ್ಕ ಕೊಟ್ರ ಮುಟ್ಟೂ ಜೀವ ಅಲ್ಲ ಅದು. ಖರೇಖರೇ ಗಿಡಾನೇ ತೋರಸಬೇಕು."

ಮರುದಿನ ರೇವಣಪ್ಪ ಬಸ್ಸಿಳಿದು ಬಂದಾಗ ಮಾಳಿಂಗಪ್ಪನ ಖಾಲಿ ಹೊಲದಲ್ಲಿ ಲಿಂಬೆಯ ಸಸಿಗಳು ಸಾಲುಗಟ್ಟಿ ನಿಂತಿದ್ದವು. ಸುಡುವ ಬಿಸಿಲಿನಲ್ಲಿ ಅವುಗಳ ಎಲೆ ಮಧ್ಯಾಹ್ನದೊಳಗೆ ಮುದುಡಿದವು. ಆದರೆ ತಗಡಿನ ಶೆಡ್ಡು ಗಟ್ಟಿಯಾಗಿತ್ತು. ಬೋರಿನ ಮೋಟಾರು ರಿಪೇರಿಯಾಗಿ ನಲ್ಲಿಯಲ್ಲಿ ನೀರು ಬರುತ್ತಿತ್ತು. ಭಾಗಮ್ಮ ಶೆಡ್ಡಿನೊಳಗೆ ಎರಡು ಆಕಳು ಕಟ್ಟಿ, ಅವು ಹುಟ್ಟಿದಂದಿನಿಂದ ಅಲ್ಲೇ ಇದ್ದಂತೆ ಮುಂದೆ ಹುಲ್ಲು ಹಾಕಿದ್ದಳು. ಆಕಳುಗಳಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ.

ಸುದ್ದಿ ಅವರಿಗಿಂತ ಮುಂದೆ ಓಡಿತು. ಪಕ್ಕದ ಹೊಲದಲ್ಲಿ ಶೆಡ್ಡು. ಅದರಾಚೆಯ ಹೊಲದಲ್ಲಿ ಶೆಡ್ಡು. ಅಫಜಲಪುರದ ಅಂಗಡಿಗಳಲ್ಲಿ ತಗಡು ಮುಗಿದು ಅಕ್ಕಲಕೋಟದಿಂದ ಗಾಡಿ ಬಂತು. ರೇವಣಪ್ಪ ಎಲ್ಲಿ ನಿಂತರೂ ಅಲ್ಲಿ ಮಜ್ಜಿಗೆ. ಒಬ್ಬ ಅವನನ್ನು ಪಕ್ಕಕ್ಕೆ ಕರೆದು, "ಆ ಬಾಣ ಸ್ವಲ್ಪ ನಮ್ಮ ಕಡೀಗಿ ತಿರುಗಸ್ರಿ, ನಮ್ಮದು ಕಲ್ಲು ಭೂಮಿ, ಹೋದ್ರ ಛಲೋ ಆಗ್ತದ" ಎಂದು ಬೇಡಿಕೊಂಡ. ಇನ್ನೊಬ್ಬ ಅತ್ತುಕೊಂಡು, "ನಮ್ಮದು ನೀರಾವರಿ, ನಮ್ಮನ್ನ ಬಿಟ್ಟು ಹಾಯ್ರಿ" ಎಂದ. ರೇವಣಪ್ಪ ಇಬ್ಬರಿಗೂ ಸಮಾಧಾನ ಹೇಳಿದ.

"ಮಲ್ಲಯ್ಯನ ಹಾದಿ ಯಾರ ಹೊಲಾನೂ ಕೆಡಸಂಗಿಲ್ಲ. ನಡಕೋತ ಹೋಗ್ತೇವಿ, ಅಷ್ಟೇ."

"ಹಂಗೇ ಅಂತಾರ್ರಿ ಮೊದಲ," ಎಂದ ನೀರಾವರಿಯವನು ಮೂಗು ಒರೆಸಿಕೊಳ್ಳುತ್ತ. "ಆಮ್ಯಾಲ ಜೆಸಿಬಿ ಬರ್ತದ."

ಮತ್ತೊಂದು ಮನೆಯಲ್ಲಿ ಕೋಳಿ ಕೊಯ್ಯಲು ಹೊರಟರು. ಲಿಂಗ ಕಟ್ಟಿದ ರೇವಣಪ್ಪ ಚಪ್ಪಲಿ ಬಿಟ್ಟು ಓಡಿದ. ಸಾಹೇಬರಿಗೆ ಕೋಳಿ ಸಾಲದು, ಕುರಿಯೇ ಬೇಕೆಂದು ಆ ಊರಿನವರು ಅರ್ಥ ಮಾಡಿಕೊಂಡರು.

ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಾಗ ಜಯಮಾಲಾ ಹೇಳಿದಳು: "ಕಾಕಾ, ಇವರು ನಮ್ಮನ್ನ ಸರ್ವೇದವರು ಅಂತ ತಿಳಕೊಂಡಾರ."

"ಸರ್ವೇದವರಿಗಿ ಯಾರು ಮಜ್ಜಗಿ ಕೊಡ್ತಾರ ಯವ್ವಾ?"

"ಅವರಿಗೇ ಕೊಡ್ತಾರ."

ರೇವಣಪ್ಪ ನಕ್ಕ. ಓದಿದವರಿಗೆ ಭಕ್ತಿಯಲ್ಲಿ ನಂಬಿಕೆ ಕಡಿಮೆ. ಆದರೂ ಮರುದಿನ ಅವನೇ ಮುಂದಾಗಿ ಒಬ್ಬ ರೈತನಿಗೆ, "ನಾವು ಸರಕಾರದವರಲ್ಲರಿ, ಗಿರಣಿಯವರು" ಎಂದು ಹೇಳಿ ನೋಡಿದ. ರೈತ ಕಣ್ಣು ಮಿಟುಕಿಸಿ, "ಗೊತ್ತದ್ರಿ, ಗೊತ್ತದ, ಯಾರಿಗೂ ಹೇಳಂಗಿಲ್ಲ" ಎಂದ.

ಎಲ್ಲಕ್ಕೂ ಕೊನೆಯಿರುತ್ತದೆ. ಈ ಶೆಡ್ಡುಗಳ ಕೊನೆ ಒಂದು ಸ್ಕೂಟಿಯ ಮೇಲೆ ಬಂತು. ಫರಹತ ಆ ಊರುಗಳಿಗೆ ಹೊಸದಾಗಿ ಬಂದ ಗ್ರಾಮ ಆಡಳಿತ ಅಧಿಕಾರಿ. ಊರವರ ಬಾಯಲ್ಲಿ ತಲಾಠಿ ಮೇಡಂ. ತನಗೇ ಗೊತ್ತಿಲ್ಲದ ಹೆದ್ದಾರಿಯೊಂದು ತನ್ನ ಕಂದಾಯದ ಹದ್ದಿನಲ್ಲಿ ಹಾದುಹೋಗುತ್ತಿದೆಯೆಂದು ಕೇಳಿ ಆಕೆ ಮೇಲಿನವರಿಗೆ ಫೋನು ಮಾಡಿದ್ದಳು. ಮೇಲಿನವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲವೆನ್ನಲು ಧೈರ್ಯ ಸಾಲದೆ, ವರದಿ ಕೊಡಿ ಎಂದಿದ್ದರು.

ಮಾಳಿಂಗಪ್ಪನ ಶೆಡ್ಡಿನ ಮುಂದೆ ಸ್ಕೂಟಿ ನಿಂತಿತು. ಅಷ್ಟು ಹೊತ್ತಿಗೆ ಸುತ್ತಲಿನ ಹೊಲದವರೆಲ್ಲ ಬಂದು ಸೇರಿದ್ದರು. ಮೊದಲು ಬಳಿದ ಬಾಣವನ್ನು ಇನ್ನಷ್ಟು ದಪ್ಪ ಮಾಡಲು ಮರಳಿ ಬಂದಿದ್ದ ರೇವಣಪ್ಪನ ಕೈಯಲ್ಲಿ ಬಣ್ಣದ ಬ್ರಷ್ಷು ಇತ್ತು.

"ಈ ಕಲ್ಲಿಗಿ ಬಣ್ಣ ಹಚ್ಚಿದವರು ಯಾರ್ರಿ?"

"ನಾನೇ ಯವ್ವಾ. ಛಲೋ ಬಂದದಲ್ಲ?"

"ಇದು ಸರ್ವೇ ನಂಬರಿನ ಹದ್ದಿನ ಕಲ್ಲು. ಯಾರು ಹುಕುಂ ಕೊಟ್ಟಾರ ನಿಮಗ?"

"ಮಲ್ಲಯ್ಯ."

"ಯಾವ ಡಿಪಾರ್ಟಮೆಂಟು?"

ರೇವಣಪ್ಪ ಆಕಾಶದ ಕಡೆ ನೋಡಿದ. ಜನರೂ ನೋಡಿದರು. ಫರಹತಳೂ ಒಂದು ಗಳಿಗೆ ನೋಡಿದಳು.

"ಶ್ರೀಶೈಲದ ಮಲ್ಲಯ್ಯ ಯವ್ವಾ. ನಾವು ಮಾದನಹಿಪ್ಪರಗಾದವರು. ನಮ್ಮ ಮುದುಕ್ಯಾರು ಯುಗಾದಿಗಿ ನಡಕೋತ ಹೋಗ್ತಾರ. ಅವರಿಗಿ ದಾರಿ ತಪ್ಪಬಾರದಂತ ಬಾಣ."

ಸೇರಿದ ಜನರೆಲ್ಲ ಒಟ್ಟಿಗೆ ಮಾತಾಡಿದರು. ಕಲ್ಲು ಭೂಮಿಯವನು ತಲೆ ಮೇಲೆ ಕೈ ಹೊತ್ತು ಕೂತ. ನೀರಾವರಿಯವನು ನಿಟ್ಟುಸಿರು ಬಿಟ್ಟು, ತಾನು ನಿಟ್ಟುಸಿರು ಬಿಟ್ಟದ್ದು ಉಳಿದವರಿಗೆ ಕಾಣಬಾರದೆಂದು ಅವರಿಗಿಂತ ಜೋರಾಗಿ ಬಯ್ಯತೊಡಗಿದ. ಮಾಳಿಂಗಪ್ಪ ಬಂದು ರೇವಣಪ್ಪನ ಎದುರಿಗೆ ನಿಂತ.

"ಗಿಡ ಎಷ್ಟವ ಅಂತ ಯಾಕ ಕೇಳಿದ್ಯೋ ಹಂಗಾದ್ರ?"

"ನೆರಳಿಗಿ."

"ಬಾವಿ?"

"ನೀರು ಕುಡೀಲಿಕ್ಕ."

"ಶೆಡ್ಡು ಇಲ್ಲಂತ ಮಾರಿ ಸಣ್ಣ ಮಾಡಿದ್ಯಲ್ಲ, ಅದು?"

"ನಮ್ಮ ಸಕ್ಕುಬಾಯಿಗಿ ಬಿಸಲು ತಡಿಯಂಗಿಲ್ಲರಿ."

"ನಾ ಹಿಂಡಿ ಜೋಡಿ ತುಪ್ಪ ಹಾಕೇನಿ ನಿನಗ," ಎಂದಳು ಭಾಗಮ್ಮ ಹಿಂದಿನಿಂದ. ಎಲ್ಲಕ್ಕಿಂತ ಹೆ​ಚ್ಚಿನ ಅನ್ಯಾಯ ಅದೇ ಎನ್ನುವಂತಿತ್ತು ಆಕೆಯ ದನಿ.

ಮಾಳಿಂಗಪ್ಪ ಜನರ ಕಡೆ ತಿರುಗಿದ. "ಕೇಳ್ರೆಪ್ಪಾ. ಈ ಮಂದಿ ಯುಗಾದಿಗಿ ಬಂದ್ರ ಒಂದು ತಂಬಗಿ ನೀರು ಕೊಟ್ರ ನೋಡ್ರಿ. ಶೆಡ್ಡು ಇವತ್ತೇ ಬಿಚ್ಚತೇನಿ." ಎಲ್ಲರೂ ಹೌದೆಂದರು. ಇಬ್ಬರು ಆಗಲೇ ತಗಡಿನ ಮೊಳೆ ಕೀಳಲು ಹೋದರು.

ರೇವಣಪ್ಪ ಬ್ರಷ್ಷು ಹಿಡಿದೇ ನಿಂತಿದ್ದ. ಕೆಂಪು ಬಣ್ಣ ಅವನ ಧೋತರದ ಮೇಲೆ ತೊಟ್ಟಿಕ್ಕುತ್ತಿತ್ತು. ನೀರಿಲ್ಲದ ದಾರಿಯಲ್ಲಿ ಸಕ್ಕುಬಾಯಿ ನಡೆಯುವುದಿಲ್ಲ. ಸಕ್ಕುಬಾಯಿ ನಡೆಯದಿದ್ದರೆ ಶ್ರೀಮಂತನ ಪಡಸಾಲೆಯಲ್ಲಿ ನಾಲ್ಕು ಜನರ ಮುಂದೆ ಆಡಿದ ಮಾತು ಹೋಯಿತು. ಊರಲ್ಲಿ ಅವನ ಮಾತು ಎಷ್ಟೋ ಸಲ ಹೋಗಿತ್ತು. ಅದರ ಚಿಂತೆಯಿರಲಿಲ್ಲ. ಆ ಪಡಸಾಲೆಯಲ್ಲಿ ಆಡಿದ್ದು ಮಾತ್ರ ಹೋಗಬಾರದಿತ್ತು.

"ಶೆಡ್ಡು ಬಿಚ್ಚಬ್ಯಾಡ್ರಿ."

ಜಯಮಾಲಾ ಹೇಳಿದ್ದು. ಮೇಡಂ ಮಾತಾಡಿದ್ದನ್ನು ಅಲ್ಲಿಯವರು ಮೊದಲ ಸಲ ಕೇಳಿದ್ದು. ಆಕೆ ಮೇಡಂ ಅಲ್ಲವೆಂದು ಗೊತ್ತಾದ ಮೇಲೂ ಮೊಳೆ ಕೀಳುವವರ ಕೈ ಅಭ್ಯಾಸಬಲದಿಂದ ನಿಂತಿತು.

"ಹ್ವಾದ ವರ್ಷ ನಮ್ಮವರು ಇದೇ ಬೇವಿನ ಕೆಳಗ ಕುಂತಿದ್ರು," ಎಂದಳು ಮಾಳಿಂಗಪ್ಪನಿಗೆ. "ನೀವು ಬಾವಿಯಿಂದ ನೀರು ಸೇದಿ ಕೊಟ್ಟಿದ್ರಂತ. ನನ್ನ ಗಂಡ ಹೇಳಿದ್ರು. ಶ್ರೀಮಂತ ಅಂತ ಅವರ ಹೆಸರು."

"ಯಾವ ಶ್ರೀಮಂತ? ಕೆಂಪು ಟವೆಲ್ ಕಟಗೊಂಡು, ಮುದುಕ್ಯಾರ ಗಂಟು ತಾನೇ ಹೊರ್ತಿದ್ನಲ್ಲ, ಅಂವ? ಆ ಹುಡುಗ ಎಲ್ಲಿ? ಅಂವ ಬಂದಿದ್ರ ಈ ಫಜೀತಿ ಆಗ್ತಿರಲಿಲ್ಲ. ಈ ಗಾಲಿಯಪ್ಪನ್ನ ಯಾಕ ಕಳಿಸ್ಯಾನ?"

ರೇವಣಪ್ಪ ಬ್ರಷ್ಷನ್ನು ಡಬ್ಬಿಯೊಳಗಿಟ್ಟ. ಮಾಳಿಂಗಪ್ಪ ಜಯಮಾಲಾಳ ಹಣೆ ನೋಡಿದ, ಕೈ ನೋಡಿದ. ಅವನು ಇಷ್ಟು ದಿನ ನೋಡಿದ್ದೂ ಅದೇ ಹಣೆ, ಅದೇ ಕೈ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಯಾವಾಗವ್ವಾ?"

"ಶಿವರಾತ್ರಿ ಹಿಂದುಮುಂದು."

"ನಮಗ ಯಾರೂ ಹೇಳಲೇ ಇಲ್ಲ." ಬಾವಿಯ ಕಡೆ ನೋಡಿದ. "ಮೂರು ವರ್ಷ ನಮ್ಮ ಬಾವಿ ನೀರು ಕುಡದಾನ. ನಮಗ ಹೇಳಬೇಕಿತ್ತು."

ಭಾಗಮ್ಮ ಬಂದು ಜಯಮಾಲಾಳ ಕೈ ಹಿಡಿದು ಶೆಡ್ಡಿನ ನೆರಳಿಗೆ ಕರೆದುಕೊಂಡು ಹೋದಳು. ಆಕಳನ್ನು ಆಚೆ ಸರಿಸಿ, ಅದಕ್ಕೆ ಹಾಸಿದ್ದ ಗೋಣಿಚೀಲ ಕೊಡವಿ ಕೂರಿಸಿದಳು. ತುಪ್ಪದ ಮಾತು ಯಾರೂ ಎತ್ತಲಿಲ್ಲ.

ಮೊಳೆ ಕೀಳಲು ಹೋದವರಲ್ಲಿ ಒಬ್ಬ, "ಹಂಗಾದ್ರ ಇದನ್ನ ಬಿಚ್ಚೋದೋ ಬಿಡೋದೋ?" ಎಂದು ಕೇಳಿದ.

"ಮೊಳಿ ಮುಟ್ಟಿದ್ರ ಕೈ ಮುರೀತೇನಿ," ಎಂದ ಮಾಳಿಂಗಪ್ಪ. "ಯುಗಾದಿ ತನಕ ಇರಲಿ. ಮೊದಲನೇ ವಸ್ತಿ ನಮ್ಮಲ್ಲೇ."

ಅದಕ್ಕೆ ಕಲ್ಲು ಭೂಮಿಯವನು ತಲೆ ಮೇಲಿನ ಕೈ ತೆಗೆದ. "ನಿಮ್ಮಲ್ಲೇ ಯಾಕ? ನಮ್ಮ ಶೆಡ್ಡು ನಿಮ್ಮದಕ್ಕಿಂತ ಉದ್ದ ಅದ."

"ನಿಮ್ಮಲ್ಲಿ ನೀರೆಲ್ಲದ?"

"ಟ್ಯಾಂಕರ್ ತರಸ್ತೇನಿ."

ಗಳಿಗೆಯ ಹಿಂದೆ ತಂಬಿಗೆ ನೀರು ಕೊಡುವುದಿಲ್ಲವೆಂದು ಆಣೆ ಹಾಕಿದ ಜನ ಈಗ ಮುದುಕಿಯರು ಯಾರ ತಗಡಿನ ಕೆಳಗೆ ಕೂಡಬೇಕೆಂದು ಜಗಳಕ್ಕೆ ನಿಂತರು. ಸಾಲು ಶೆಡ್ಡುಗಳಿದ್ದುದರಿಂದ ಮಾಳಿಂಗಪ್ಪನ ಹೊಲದಿಂದ ಅಫಜಲಪುರದ ತನಕ ಬಿಸಿಲು ಬೀಳುವ ಜಾಗವೇ ಕಡಿಮೆಯಾಗಿತ್ತು. ಯಾವ ಸರಕಾರವೂ ಒಂದು ವಾರದಲ್ಲಿ ಇಷ್ಟು ನೆರಳು ಮಾಡಿರಲಿಕ್ಕಿಲ್ಲ. ಭೀಮಾದ ಆಚೆ ಜೇವರ್ಗಿಯ ಕಡೆಯಿಂದ ಯಾರೋ ಫೋನು ಮಾಡಿ, ನಮ್ಮ ಕಡೆ ಬಾಣ ಯಾವಾಗ ಹಚ್ಚುತ್ತೀರಿ ಎಂದು ಕೇಳಿದರು. ಅವರಿಗೆ ನಿಜ ಹೇಳಬೇಕೋ ಬೇಡವೋ ಎಂಬುದರ ಮೇಲೂ ಚರ್ಚೆಯಾಯಿತು. ಶೆಡ್ಡು ಎದ್ದ ಮೇಲೆ ಹೇಳಿದರಾಯಿತು ಎಂದು ನೀರಾವರಿಯವನು ಅಭಿಪ್ರಾಯಪಟ್ಟ. ಜಯಮಾಲಾ, "ಇವತ್ತೇ ಹೇಳ್ರಿ" ಎಂದಳು. ಹೇಳಿದರು.

ಫರಹತ ಎಲ್ಲವನ್ನೂ ಸ್ಕೂಟಿಯ ಮೇಲೆ ಕೂತು ಕೇಳಿದಳು. ಕೊನೆಗೆ ರೇವಣಪ್ಪನನ್ನು ಕರೆದಳು.

"ಕಾಕಾ, ಹದ್ದಿನ ಕಲ್ಲಿನ ಮ್ಯಾಲಿಂದು ಪೂರಾ ತೆಗೀಬೇಕು. ಸೀಮೆಎಣ್ಣಿ ಹಚ್ಚಿ ತಿಕ್ಕರಿ. ಬ್ಯಾರೆ ಕಲ್ಲಿನ ಮ್ಯಾಲಿಂದು ನಾ ನೋಡಿಲ್ಲ. ಮತ್ತ ಈ ಮಂದಿನ್ನ ಕರಕೊಂಡು ಹೋಗಾವರು ಯಾರು? ನಾಳೆ ಏನರ ಆದ್ರ ನಾ ಯಾರಿಗಿ ಫೋನ್ ಮಾಡಲಿ?"

ರೇವಣಪ್ಪ ಬಾಯಿ ತೆರೆದ. ನಿಂತಿದ್ದ ಕಡೆಯಿಂದ ಅಫಜಲಪುರ ಯಾವ ದಿಕ್ಕಿಗಿದೆಯೆಂದು ಯಾರಾದರೂ ಕೇಳಿದರೆ ಹೇಳುವುದು ಸಾಧ್ಯವಿಲ್ಲವೆಂದು ಅವನಿಗೆ ಆಗ ತಿಳಿಯಿತು. ಬಾಯಿ ಮುಚ್ಚಿದ.

"ನನಗ ಮಾಡ್ರಿ," ಎಂದಳು ಜಯಮಾಲಾ ಶೆಡ್ಡಿನೊಳಗಿಂದ. "ನಾ ಮುಂದ ನಡೀತೇನಿ. ಕಾಕಾ ಹಿಂದ ಟಂಟಂ ಗಾಡಿಯಾಗ ಹಿಟ್ಟು ತಗೊಂಡು ಬರ್ತಾರ. ಮಾತು ಅವರು ಕೊಟ್ಟಾರ. ದಾರಿ ನಾ ನೋಡ್ಕೋತೇನಿ."

ಆ ದಿನ ಮನೆಗೆ ಫೋನು ಮಾಡಿ ಹೇಳಿದಾಗ ನಿಂಬೆವ್ವ, "ಸಕ್ಕುಬಾಯಿಗಿ ಹೇಳ್ತೇನಿ" ಎಂದಳು. ಮತ್ತೆ, "ಆಕಿ ಇವತ್ತು ಉಂಡಾಳೇನು?" ಎಂದು ಕೇಳಿದಳು. ಭಾಗಮ್ಮನ ಮನೆಯಲ್ಲಿ ಎರಡು ರೊಟ್ಟಿ ಉಂಡಳೆಂದು ರೇವಣಪ್ಪ ಹೇಳಿದ.

ಕಲ್ಲು ತಿಕ್ಕುವ ಕೆಲಸ ಮುಗಿದ ಮೇಲೆ ಅವರು ಗಾಲಿ ಉರುಳಿಸುತ್ತ ಅಫಜಲಪುರ ಮುಟ್ಟಿದರು. ಮೆಹಬೂಬನ ಅಂಗಡಿಯ ಮುಂದೆ ಕಪ್ಪು ಪೈಪಿನ ಸುರುಳಿಗಳು ಬಿದ್ದಿದ್ದವು. ಮೆಹಬೂಬ ನೆಲದ ಮೇಲೆ ಕೂತು ಉದ್ದ ಹಗ್ಗಕ್ಕೆ ಮಾರು ದೂರಕ್ಕೊಂದರಂತೆ ಗಂಟು ಹಾಕುತ್ತಿದ್ದ. ಇವರನ್ನು ಕಂಡು ಎದ್ದ. ಹಗ್ಗವನ್ನು ಬೆನ್ನ ಹಿಂದೆ ಹಿಡಿದ.

"ಭಾಭಿ, ನೀವ್ಯಾಕ ಬರಾಕ ಹೋದ್ರಿ? ಒಂದು ಮಾತು ಹೇಳಿ ಕಳಿಸಿದ್ರ ನಾನೇ ಬರ್ತಿದ್ದೆ."

"ನಿಮ್ಮ ಕೆಲಸ ನಿಂತಿತ್ತು."

"ಕೆಲಸ ಎಲ್ಲಿ ಹೋಗ್ತದ್ರಿ? ಹಗ್ಗದಾಗೇ ಅಳೀತಿದ್ದೆ. ಕೇಳಬೇಕಂತ ಎರಡು ಸಲ ಫೋನ್ ಕೈಯಾಗ ಹಿಡದೇನಿ. ಆದ್ರ ಅವನ ನಂಬರಿಗೇ ಹಚ್ಚಬೇಕಲ್ಲ. ಇಟ್ಟುಬಿಟ್ಟೆ."

ಅವನು ಗಾಲಿ ತೆಗೆದುಕೊಳ್ಳಲು ಕೈ ಚಾಚಿದ. ಅಂಕಿಯ ಡಬ್ಬಿಯ ಪಕ್ಕ ಸಣ್ಣದೊಂದು ಕರಿ ಗುಂಡಿ ಇತ್ತು. ಅವನ ಹೆಬ್ಬೆರಳು ರೂಢಿಯಂತೆ ಅದರ ಮೇಲೆ ಹೋಯಿತು.

"ಅದೇನಪಾ?" ಎಂದ ರೇವಣಪ್ಪ.

"ಸೊನ್ನಿ ಮಾಡೋದ್ರಿ. ಹೊಸ ಅಳತಿ ಚಾಲೂ ಮಾಡೂ ಮುಂದ ಇದನ್ನ ಒತ್ತಬೇಕು. ಇಲ್ಲಂದ್ರ ಹಿಂದಿಂದೂ ಕೂಡ್ತದ."

ರೇವಣಪ್ಪ ಬಹಳ ಹೊತ್ತು ಆ ಗುಂಡಿಯನ್ನೇ ನೋಡಿದ. "ಅದಕ್ಕೇ ಮನಿ ಅಂಗಳದಾಗೇ ಕಿಲೋಮೀಟರಗಟ್ಟಲೆ ತೋರಸ್ತಿತ್ತೇನು? ನಾ ನಮ್ಮ ಅಂಗಳ ದೊಡ್ಡದದ ಅಂತ ತಿಳಕೊಂಡಿದ್ದೆ."

"ಅದು ಅವರು ನಡೆದದ್ದು," ಎಂದಳು ಜಯಮಾಲಾ. "ಗಾಲಿ ತಂದ ದಿನ ಮನಿಯಿಂದ ಹಳ್ಳದ ತನಕ ಹೋಗಿ ಬಂದಿದ್ರು."

ಮೆಹಬೂಬನ ಹೆಬ್ಬೆರಳು ಗುಂಡಿಯನ್ನು ಬಿಟ್ಟು ಮೇಲಕ್ಕೆ ಬಂತು. ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ಹೋಯಿತು. ಅದರ ಸದ್ದು ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ರೇವಣಪ್ಪನಿಗೆ ಈ ಸಲ ಏನಾದರೂ ಹೇಳಿ ಆ ಮೌನವನ್ನು ಚಾಲೂ ಮಾಡಬೇಕೆನಿಸಲಿಲ್ಲ.

"ಇರಲಿ ಭಾಭಿ," ಎಂದ ಮೆಹಬೂಬ. "ಹಂಗೇ ಇರಲಿ. ನಾ ಅಷ್ಟು ಕಳದು ಲೆಕ್ಕ ಹಿಡೀತೇನಿ."

"ಬ್ಯಾಡ ಅಣ್ಣಾ. ಮಂದಿ ಕೆಲಸ ತಪ್ಪತದ."

ಆಕೆ ಬಗ್ಗಿ, ಗಾಲಿಯ ಅಂಚಿಗೆ ಅಂಟಿದ್ದ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು, ಸೆರಗಿನಿಂದ ಒರೆಸಿದಳು. ಆಮೇಲೆ ಅಂಕಿಗಳನ್ನು ಒಂದು ಸಲ ಓದಿದಳು, ತುಟಿ ಅಲುಗಿಸದೆ. ಗುಂಡಿಯನ್ನು ತಾನೇ ಒತ್ತಿದಳು. ಅಂಕಿಗಳೆಲ್ಲ ಕಟಕಟ ತಿರುಗಿ ಸೊನ್ನೆಗಳಾಗಿ ಸಾಲಾಗಿ ನಿಂತವು. ಹಿಡಿಕೆಯನ್ನು ಮೆಹಬೂಬನ ಕೈಯಲ್ಲಿ ಕೊಟ್ಟಳು.